ಮೈ ಕೈ ತುಂಬಿಕೊಂಡವರು

ಡಯಾಲಿಸಿಸ್ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಡಯಟೀಶಿಯನ್ ಬಂದು ಗಂಡನ ತೋಳಿಗೆ ಟೇಪು ಸುತ್ತಿದಳು.

“ತೂಕ ಇಳಿದಿದೆಯಾ?”

“ಇಲ್ಲಮ್ಮ, ಏರಿದೆ. ಮೈ ಕೈ ತುಂಬಿಕೊಂಡಿದಾರೆ,” ಎಂದಳು ಹೆಂಡತಿ.

“ಅದು ಮೈಯಲ್ಲಿ ನಿಂತಿರೋ ನೀರಮ್ಮ. ತೋಳು ನೋಡಿ, ಹೋದ ಸಲಕ್ಕಿಂತ ಸಣ್ಣಗಾಗಿದೆ. ಊಟ ಮಾಡ್ತಾರಾ?”

“ಉಪ್ಪು ಬೇಡ, ಬೇಳೆ ಬೇಡ, ಹಣ್ಣು ಬೇಡ ಅಂದೋರು ನೀವೇ ಅಲ್ವಾ? ಇವರು ಬೇಕು ಅಂತ ಕೇಳಲ್ಲ, ನಾನು ಬಡಿಸಲ್ಲ.”

“ಇನ್ಮೇಲೆ ಜಾಸ್ತಿ ತಿನ್ನಬೇಕು.”

“ಏನನ್ನ?”

“ಮೊಟ್ಟೆಯ ಬಿಳಿ ಭಾಗ ಕೊಡಿ.”

“ಉಪ್ಪಿಲ್ಲದೆ ಬಾಯಿಗೇ ಸೇರಲ್ಲ ಇವರಿಗೆ.”

“ಉಪ್ಪು ಮಾತ್ರ ಬೇಡ.”

ಒಳಗಿಂದ ನರ್ಸ್ ಕರೆದಳು. ಗಂಡ ಮೆಲ್ಲಗೆ ಎದ್ದು ಹೆಂಡತಿಯ ಕೈಗೆ ಚೀಲ ಕೊಟ್ಟ.

“ನೀರು ತೆಗೆದು ಕಳಿಸ್ತಾರೆ. ಆಮೇಲೆ ನಾನೆಷ್ಟು ಉಳಿದಿದೀನಿ ಅಂತ ನೋಡ್ಕೋ.”