ಹುಣಸೆಮರದ ಮನೆಯವನು

ಮಡಕಶಿರದಲ್ಲಿ ಬಸ್ಸು ನಿಲ್ಲುವ ಕಡೆ, ಕಡಲೆಕಾಯಿ ಮಾರುವ ಕದರಮ್ಮನ ಪಕ್ಕದಲ್ಲೇ ದೂರದ ಕಾಲೇಜಿನ ಮೇಷ್ಟ್ರೊಬ್ಬರು, ಅವರ ಜವಾನ ಪಾಪಣ್ಣ ನಿಂತಿದ್ದರು. ಕದರಮ್ಮ ಅಳೆಯುವ ಕೈ ನಿಲ್ಲಿಸಿ ಕಿವಿಗೊಟ್ಟಳು.

“ಕಾಲೇಜು ಬಿಟ್ಟು ಓಡಿದ ಹುಡುಗ ತನ್ನೂರು ಅಗಳಿಗೂ ಬಂದಿಲ್ಲಲ್ಲೋ ಪಾಪಣ್ಣ. ಮೂರು ದಿನಾತು.”

“ಹೊಸಬರನ್ನ ಎದುರುಗೊಳ್ಳಿ ಅಂತ ಪ್ರಿನ್ಸಿಪಾಲ್ ದೊರೆ ನಮ್ಮನ್ನೆಲ್ಲ ನಿಲ್ಲಿಸಿದ್ರು. ಗಂಧ ಹಚ್ಚಿದ್ದು ನಾನು ಸ್ವಾಮಿ. ಇಂಟಿಪೇರು ಕೇಳಿದ್ದು ನೀವು.”

“ಪಟ್ಟಿಯಾಗ ಮನೆತನದ ಹೆಸರು ಬರೀಬೇಕಲ್ಲ. ‘ಹುಣಸೆಮರದ ಮನೆ’ ಅಂದ.”

“ಅಗಳಿ ಕಡೆ ನಮಗೆಲ್ಲಿಯ ಇಂಟಿಪೇರು? ಊರೋರು ಕರೆಯೋದನ್ನೇ ಹೇಳ್ದ. ನೀವು ಅದನ್ನ ಕೂಗಿ ಓದಿದ್ರಿ, ಸಭೆಯೆಲ್ಲ ನಕ್ತು.”

“ನಗಿಸಿದ್ರ ಹೊಸಬರ ಅಂಜಿಕೆ ಹೋಗ್ತದ ಅಂದ್ಕೊಂಡೆ.”

“ಹೋಯ್ತು ಬಿಡಿ. ಅಂಜಿಕೆ ಜತೆಗೆ ಅವನೂ ಹೋದ.”

“ಬೆಳಿಗ್ಗೆ ಅಗಳಿಯಾಗ ಅವರಪ್ಪ ಬೋರಯ್ಯ ‘ಮಗ ಹೆಂಗವ್ನೆ?’ ಅಂದಾಗ ನಿಜ ಹೇಳಲಿಲ್ಲ. ಚೆನ್ನಾಗಿದಾನ ಅಂದುಬಿಟ್ಟೆ.”

ಕಾಲೇಜಿನ ಊರಿಗೆ ಹೋಗುವ ಬಸ್ಸು ಬಂತು. ಪಾಪಣ್ಣ ಹತ್ತಲಿಲ್ಲ.

“ನಾನು ಅಗಳಿಗೆ ವಾಪಸ್ ಹೋಗ್ತೀನಿ. ಹೆತ್ತೋರಿಗೆ ಗೊತ್ತಾದ್ರೆ ಅವರೂ ಹುಡುಕ್ತಾರೆ.”

“ಏನಂತ ಹೇಳ್ತಿ?”

“ಹೇಳಬೇಕಾದೋರು ನೀವು ಸ್ವಾಮಿ. ನಾನು ಪಕ್ಕದಾಗೆ ನಿಂತಿರ್ತೀನಿ.”

ಮೆಟ್ಟಿಲ ಮೇಲಿಟ್ಟ ಕಾಲನ್ನು ಮೇಷ್ಟ್ರು ಕೆಳಗಿಳಿಸಿದರು. ಇಬ್ಬರೂ ಅಗಳಿಯ ದಾರಿ ಹಿಡಿದರು. ಮೇಷ್ಟ್ರು ಹಿಂದೆ ಬಿದ್ದಾಗಲೆಲ್ಲ ಪಾಪಣ್ಣ ನಿಂತು ಕಾಯುತ್ತಿದ್ದ.