ಲೀಟರಿಗೆ ಎಪ್ಪತ್ತೊಂದು ಕಿಲೋಮೀಟರು

ತುಳೀಬೇಡಿ ಬು, ಬೇಡ ತಾಯಿ! ಎಷ್ಟು ತುಳಿದ್ರೂ ಆ ಕಿಕ್ಕು ಇಳಿಯಲ್ಲ. ನಿಮ್ಮ ಕಾಲು ನೋಯುತ್ತೆ ಅಷ್ಟೆ. ಬಿಡಿ, ಸ್ಟ್ಯಾಂಡ್ ಹಾಕಿ ಒಳಗೆ ಬನ್ನಿ... ತಲೆ, ತಲೆ! ಬಗ್ಗಿ ಬನ್ನಿ. ಸಮುದ್ರದ ನೀರು ನುಗ್ಗುತ್ತೆ ಅಂತ ಮೂರನೇ ಸಲ ನೆಲ ಎತ್ತರಿಸಿದೀನಲ್ಲ, ಬಾಗಿಲು ಮಾತ್ರ ಇದ್ದಲ್ಲೇ ಇದೆ. ಇನ್ನೊಂದು ಸಲ ಮಣ್ಣು ಸುರಿದ್ರೆ ಈ ಕಸ್ಮಾದಿ ತೆವಳಿಕೊಂಡೇ ಗಾಡಿ ರಿಪೇರಿ ಮಾಡ್ಬೇಕು!

ನಗಲ್ವಾ? ಮುಂಚೆ ಈ ಮಾತಿಗೆ ನೀವೂ ನಿಮ್ಮ ಯಜಮಾನ್ರು, ನಮ್ಮೂರ ಮೇಷ್ಟ್ರು ಪಾಕ್ ಗುರುನೂ ಎಷ್ಟು ನಗ್ತಿದ್ರಿ.

ಕೂತ್ಕೊಳ್ಳಿ. ಅಂತೂ ಪೊಲೀಸರು ಗಾಡಿ ಬಿಟ್ಟುಕೊಟ್ರು ಅನ್ನಿ. ಏಳು ತಿಂಗಳು! ಸ್ಟೇಷನ್ ಅಂಗಳದಲ್ಲಿ ದಿನಾ ಮೊಣಕಾಲುದ್ದ ಉಪ್ಪುನೀರು. ತುಕ್ಕು ಹಿಡಿದಿದೆ ಬು. ಅದಕ್ಕೇ ಕಿಕ್ಕು ಗಟ್ಟಿ. ತುಕ್ಕು ಅಷ್ಟೆ. ಇದನ್ನ ಬಿಚ್ಚೋದು ದಂಡ. ಗುಜರಿಗೆ ಹಾಕಿಬಿಡಿ, ನಾನೇ ತಗೊಂಡು ಹೋಗಿ ಹಾಕಿ ಬರ್ತೀನಿ. ನಿಮಗೆ ಒಂದು ಒಳ್ಳೇ ಚಿಕ್ಕ ಗಾಡಿ ಹುಡುಕಿ ಕೊಡೋದು ನನ್ನ ಜವಾಬ್ದಾರಿ. ಗೇರ್ ಮೆತ್ತಗಿರೋದು, ಹೆಂಗಸರು ಓಡಿಸೋಂಥದ್ದು...

ಯಾಕೆ, ಇಂಜಿನ್ ಕಡೆನೇ ನೋಡ್ತಿದ್ದೀರಿ?

ಬಿಚ್ಚಬೇಕಾ? ಬಿಚ್ಚಿ ಏನು ನೋಡ್ತೀರಿ ಬು? ನೀವು ಇಂಜಿನ್ ಒಳಗೆ ಯಾವತ್ತು ಇಣುಕಿದ್ರಿ? ಪಾಕ್ ಗುರು ಇಣುಕ್ತಿದ್ರು, ಅವರ ಮಾತು ಬೇರೆ. ಪ್ರತಿ ಭಾನುವಾರ ಇದೇ ಜಾಗದಲ್ಲಿ ಲುಂಗಿ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, "ಕಸ್ಮಾದಿ, ಇನ್ನೂ ಸ್ವಲ್ಪ ಕಮ್ಮಿ ಕುಡಿಯೋ ಹಾಗೆ ಮಾಡಯ್ಯ" ಅನ್ನೋರು. ಪೆಟ್ರೋಲ್ ದುಡ್ಡು ಉಳಿಸೋಕೆ ಅಂತ ನಾನು ಅಂದ್ಕೊಂಡೆ. ಅಲ್ಲ! ಹೊಗೆ ಕಮ್ಮಿ ಮಾಡೋಕೆ! ನಮ್ಮ ಗಾಡಿಗಳ ಹೊಗೆನೂ ಸೇರಿಕೊಂಡೇ ಭೂಮಿ ಕಾಯೋದು, ಸಮುದ್ರ ಉಬ್ಬಿ ನಮ್ಮ ಅಡುಗೆಮನೆಗೆ ಬರೋದು ಅನ್ನೋರು. ಇಂಗಾಲದ ಹೆಜ್ಜೆಗುರುತು ಅಂತೆ! "ನಮ್ಮ ಮೊರೊಲೌತ್‌ನಲ್ಲಿ ಯಾರ ಹೆಜ್ಜೆ ಗುರುತು ಉಳಿಯುತ್ತೆ ಪಾಕ್ ಗುರು, ಎಲ್ಲಾ ನೀರು" ಅಂದೆ. ಹೊಟ್ಟೆ ಹಿಡ್ಕೊಂಡು ನಕ್ಕರು.

ನಾನು ಜಗಳಾನೂ ಆಡಿದೀನಿ. ಅಲ್ನೋಡಿ ಸ್ವಾಮಿ, ಆ ಕಲ್ಲಿದ್ದಲ ಸ್ಥಾವರದ ಚಿಮಣಿ! ಅದು ಒಂದು ಬೆಳಗ್ಗೆ ಉಗುಳೋ ಹೊಗೆನ ನಮ್ಮೂರ ಗಾಡಿಗಳೆಲ್ಲ ಸೇರಿ ಜನ್ಮದಲ್ಲಿ ಉಗುಳಲ್ಲ, ನಿಮ್ಮದೊಂದು ನೂರಹತ್ತು ಸೀಸೀ ಗಾಡಿಯಿಂದ ಏನಾಗುತ್ತೆ ಅಂತ. ಅವರು ಸಿಟ್ಟಾಗ್ಲಿಲ್ಲ. "ಚಿಮಣಿಗೆ ನನ್ನ ಕೈ ಎಟಕಲ್ಲ ಕಸ್ಮಾದಿ. ಈ ಆಕ್ಸಿಲರೇಟರಿಗೆ ಎಟಕುತ್ತೆ" ಅಂದ್ರು. ಏನು ಹೇಳಲಿ ಅಂಥವರಿಗೆ? ತೊಂಬತ್ತು ಮಕ್ಕಳಿದ್ದ ಸ್ಕೂಲಲ್ಲಿ ಹನ್ನೊಂದು ಉಳಿದಿದ್ರು. ಮಿಕ್ಕವರೆಲ್ಲ ಊರು ಬಿಟ್ಟು ಒಣನೆಲ ನೋಡ್ಕೊಂಡು ಹೋದ್ರು. ಆ ಹನ್ನೊಂದು ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸಿ ಪಾಠ ಮಾಡೋ ಮನುಷ್ಯ.

ಗೋಡೆ ಕಡೆ ಯಾಕೆ ನೋಡ್ತೀರಿ? ಹಾ... ಆ ಪ್ರಶಸ್ತಿಪತ್ರ. ತೆಗೀಬೇಕು ತೆಗೀಬೇಕು ಅಂತ... ಹಾಗೇ ಉಳೀತು. ಲೀಟರಿಗೆ ಎಪ್ಪತ್ತೊಂದು ಕಿಲೋಮೀಟರು. ಇಡೀ ಜಿಲ್ಲೆಗೇ ಮೊದಲು! ಅವರ ಹೆಸರು ಮೇಲೆ, ನನ್ನ ಹೆಸರು ಕೆಳಗೆ.

ಆ ಮೈಲೇಜ್ ಸ್ಪರ್ಧೆಗೆ ಹೋಗೋಣ ಅಂತ ಹಟ ಮಾಡಿದ್ದು ಅವರೇ ಬು. ಗೆದ್ದವರ ಕೈಗೆ ಮೈಕು ಕೊಡ್ತಾರೆ, ಜಿಲ್ಲೆಯ ಸಾಹೇಬ್ರ ಮುಂದೆ ಸ್ಕೂಲಿಗೆ ಒಂದು ಒಡ್ಡು ಕಟ್ಟಿಸಿ ಅಂತ ಕೇಳ್ತೀನಿ ಅಂತ. ಕೊಟ್ರು ಮೈಕು. ಅವರು ಗಂಟಲು ಸರಿಮಾಡಿಕೊಳ್ಳೋ ಹೊತ್ತಿಗೆ ಸಾಹೇಬ್ರು ಎದ್ದು ಕಾರು ಹತ್ತಿದ್ರು! ಆ ಕಾರಿನ ಇಂಜಿನ್ನು ಬೆಳಗಿಂದ ಆರಿಸೇ ಇರಲಿಲ್ಲ, ಒಳಗೆ ತಂಪಾಗಿರಲಿ ಅಂತ. ಖಾಲಿ ಕುರ್ಚಿಗಳಿಗೆ ಪೂರ್ತಿ ಹೇಳಿ ಮುಗಿಸಿದ್ರು ನಿಮ್ಮ ಯಜಮಾನ್ರು. ನಾನೊಬ್ಬನೇ ಚಪ್ಪಾಳೆ ತಟ್ಟಿದ್ದು.

ಅಳ್ತಿದ್ದೀರಾ? ಇಲ್ವಾ. ಅತ್ತುಬಿಡಿ ಬು. ಹಾಗೆ ನೋಡಬೇಡಿ.

ನಾನೇನು ಮಾಡಿದೆ? ಎಲ್ಲ ಮೆಕ್ಯಾನಿಕ್ಕುಗಳೂ ಮಾಡೋದನ್ನೇ. ಕಾರ್ಬ್ಯುರೇಟರಿಗೆ ಸಣ್ಣ ಜೆಟ್ ಹಾಕಿದೆ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಹೋಗಲಿ ಅಂತ. ತೆಳು ಎಣ್ಣೆ ಹುಯ್ದೆ, ಇಂಜಿನ್ ಹಗುರಾಗಿ ತಿರುಗಲಿ ಅಂತ. ಶನಿವಾರ ಹಾಕಿಕೊಟ್ಟೆ. ಮುಂದಿನ ವಾರದ ಭಾನುವಾರ ಸ್ಪರ್ಧೆ. ನಡುವೆ ಅವರು ಈ ಕಡೆ ಬರಲೇ ಇಲ್ಲ. ಬಂದು ಹೇಳಿದ್ರೆ ನಾನು ನೋಡ್ತಿರಲಿಲ್ವಾ? ಏನಾದ್ರೂ ತೊಂದರೆ ಇದ್ರೆ...

ಯಾಕೆ, ಇಲ್ಲ ಅಂತ ತಲೆ ಆಡಿಸ್ತೀರಿ?

ಬಂದಿರಲಿಲ್ಲ ಬು. ನನಗೆ ಚೆನ್ನಾಗಿ ನೆನಪಿದೆ. ಬುಧವಾರ ನಾನು ಅಂಗಡೀಲೇ... ಬುಧವಾರ ಅಂತ ನೀವು ಎಲ್ಲಿ ಹೇಳಿದ್ರಿ? ಹೇಳ್ಲಿಲ್ಲ. ನಾನೇ ಹೇಳಿದೆ.

ತಡೀರಿ. ಸಿಗರೇಟು ಹಚ್ಕೊತೀನಿ. ಹಾಳಾದ್ದು, ಕಡ್ಡಿ ಎಲ್ಲಾ ಒದ್ದೆ... ಇರಲಿ ಬಿಡಿ.

ಬಂದಿದ್ರು. ನಿಮಗೆ ಹೇಳೇ ಬಂದಿರ್ತಾರೆ, ನನಗೊಂದು ಹುಚ್ಚು. ಕಾಲಿಗೆ ಬಿಸಿ ತಟ್ಟುತ್ತೆ ಕಸ್ಮಾದಿ, ಸುಟ್ಟ ವಾಸನೆ ಬರುತ್ತೆ ಅಂದ್ರು. ಪ್ಲಗ್ಗು ಬಿಚ್ಚಿದೆ. ಬೆಳ್ಳಗಿತ್ತು ಬು, ಸುಣ್ಣದ ಹಾಗೆ! ಅದರ ಮೇಲೆ ಬೆಳ್ಳಿ ಪುಡಿ ಥರ ಸಣ್ಣ ಸಣ್ಣ ಚುಕ್ಕಿ. ಪಿಸ್ಟನ್ ಕಾದು ಕರಗೋಕೆ ಶುರುವಾಗಿದೆ, ಹೀಗೇ ಬಿಟ್ರೆ ಇಂಜಿನ್ ಕಚ್ಕೊಂಡು ಚಕ್ರ ನಿಲ್ಲುತ್ತೆ ಅಂತ ಅರ್ಥ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಅದು ಗೊತ್ತಾಗುತ್ತೆ. ಇದೇನು ಹೀಗೆ ಬೆಳ್ಳಗಿದೆ ಅಂತ ಅವರೇ ಕೇಳಿದ್ರು. ನಾನಂದೆ... ನಾನಂದೆ, "ಮಸಿ ಇಲ್ಲ ನೋಡಿ ಪಾಕ್ ಗುರು, ಅಷ್ಟು ಶುದ್ಧವಾಗಿ ಉರೀತಿದೆ, ನೀವು ಕೇಳಿದ್ದು ಇದೇ ಅಲ್ವಾ?"

ಅವರ ಮುಖ ನೀವು ನೋಡಬೇಕಿತ್ತು. ಹಬ್ಬಕ್ಕೆ ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ. "ಹಳೆ ಪ್ಲಗ್ಗು ಕೊಡು, ಮಕ್ಕಳಿಗೆ ತೋರಿಸ್ತೀನಿ" ಅಂತ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದ್ರು.

ಜೆಟ್ ಬದಲಾಯಿಸೋಕೆ ಅರ್ಧ ಗಂಟೆ ಸಾಕಿತ್ತು. ಬದಲಾಯಿಸಿದ್ರೆ ಐವತ್ತೈದಕ್ಕೆ ಇಳೀತಿತ್ತು ಬು. ಎಪ್ಪತ್ತೊಂದು ಎಲ್ಲಿ, ಐವತ್ತೈದು ಎಲ್ಲಿ! ಗೆದ್ದ ಮೆಕ್ಯಾನಿಕ್ಕಿಗೆ ಹೆದ್ದಾರಿ ಪಕ್ಕ ಮಳಿಗೆ ಕೊಡ್ತೀವಿ ಅಂದಿದ್ರು. ಒಣನೆಲ! ಬೆಳಗ್ಗೆದ್ದು ಚಾಪೆ ಹಿಂಡೋದು ಬೇಡದ ಜಾಗ. ಭಾನುವಾರದ ತನಕ ತಡ್ಕೊಳ್ಳಲಿ, ಸೋಮವಾರ ಎಲ್ಲಾ ಸರಿಮಾಡಿ ಕೊಡ್ತೀನಿ ಅಂದ್ಕೊಂಡೆ. ದೇವರಾಣೆಗೂ ಅಷ್ಟೇ ಅಂದ್ಕೊಂಡಿದ್ದು. ಮಳಿಗೆನೂ ಕೊಡ್ಲಿಲ್ಲ, ಅದು ಬೇರೆ ಮಾತು.

ಆಯ್ತಲ್ಲ ಬು, ಎಲ್ಲಾ ಹೇಳಿಬಿಟ್ಟೆ. ಬೈಯಿರಿ. ಹೊಡೀರಿ ಬೇಕಾದ್ರೆ. ಆದ್ರೆ ಅವರನ್ನ ಕೊಂದಿದ್ದು ಜೆಟ್ಟಲ್ಲ, ಲಾರಿ. ಸ್ಪರ್ಧೆ ಮುಗಿಸಿ ಊರಿಗೆ ಬರೋ ದಾರೀಲಿ ಆ ಲಾರಿ ಡ್ರೈವರ್ ಸಾರ್ಮಿನ್, ಕುರುಡನ ಥರ ಹಿಂದಿನಿಂದ ಬಂದು ಗುದ್ದಿದ. ಕೋರ್ಟೂ ಅದನ್ನೇ ಹೇಳ್ತು. ನಾಲ್ಕು ವರ್ಷ ಹಾಕಿದ್ರು ಅವನಿಗೆ...

ಇನ್ನೂ ಯಾಕೆ ಕೂತಿದ್ದೀರಿ? ನೀರು ಬರೋ ಹೊತ್ತಾಯ್ತು. ದಾರಿ ಮುಳುಗುತ್ತೆ.

ಬು... ಆ ಚೀಟಿ ಏನು ಕೈಯಲ್ಲಿ? ಜೈಲಿನ ಭೇಟಿ ಚೀಟಿನಾ? ಸಾರ್ಮಿನ್ನ ನೋಡೋಕೆ ಹೋಗಿದ್ರಾ? ನಿಮ್ಮ ಗಂಡನ ಮೇಲೆ ಲಾರಿ ಹತ್ತಿಸಿದವನನ್ನ? ಏನಂದ ಅವನು?

ಸರಿ. ಹೇಳಬೇಡಿ. ಅವನು ಏನು ಹೇಳಿರ್ತಾನೆ ಅಂತ ನನಗೆ ಗೊತ್ತು. ಕೋರ್ಟಲ್ಲೂ ಅದನ್ನೇ ಅಂದಿದ್ದ. ನಾನು ದೂರದಲ್ಲೇ ಇದ್ದೆ ಸ್ವಾಮಿ, ಮುಂದಿನ ಗಾಡಿ ನಡುರಸ್ತೇಲಿ ಗಪ್ ಅಂತ ನಿಂತುಬಿಡ್ತು, ಹಿಂದಿನ ಚಕ್ರ ತಿರುಗ್ತಾನೇ ಇರಲಿಲ್ಲ, ನಾನು ಬ್ರೇಕ್ ಒತ್ತೋದರೊಳಗೆ ಅಂತ. ಅತ್ತ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾ, ನೀನು ಪಕ್ಕದಲ್ಲೇ ಬರ್ತಿದ್ದೆಯಲ್ಲ, ನೀನೂ ನೋಡಿದೆಯಲ್ಲ" ಅಂದ. ನನ್ನ ತಲೆ ಮೇಲೆ ಕುರಾನ್ ಹಿಡಿದು ಪ್ರಮಾಣ ಮಾಡಿಸಿದ್ರು ಬು. ಜಡ್ಜು ಎರಡು ಸಲ ಕೇಳಿದ್ರು, ಚಕ್ರ ನಿಂತಿತ್ತಾ ಅಂತ. ಇಲ್ಲ ಸ್ವಾಮಿ, ತಿರುಗ್ತಿತ್ತು, ಲಾರಿನೇ ಜೋರಾಗಿ ಬಂತು ಅಂದೆ. ಎರಡು ಸಲಾನೂ ಅಂದೆ.

ನಿಂತಿತ್ತು. ಕಿರ್ರ್ ಅಂತ ಇಂಜಿನ್ ಕಚ್ಕೊಂಡಿದ್ದು ನನಗೆ ಕೇಳಿಸ್ತು. ಪಾಕ್ ಗುರು ತಿರುಗಿ ನನ್ನ ನೋಡಿದ್ರು. ಏನಾಯ್ತು ಕಸ್ಮಾದಿ ಅಂತ ಕೇಳೋ ಹಾಗೆ... ಬಾಯಿ ತೆರೆದಿತ್ತು ಬು. ಅಷ್ಟರಲ್ಲಿ.

ಎದ್ರಾ? ತಲೆ ಜೋಪಾನ... ಬು, ಬಾಗಿಲಾಚೆ ಯಾಕೆ ನಿಂತ್ರಿ? ನೀರು ಬರ್ತಿದೆ, ಮನೆಗೆ ಹೋಗಿ.

ನನಗೆ ಕಾಯ್ತಿದ್ದೀರಾ?

ಇಲ್ಲ ಬು. ಆಗಲ್ಲ. ಕೋರ್ಟಿಗೆ ಹೋಗಿ ನಿಜ ಹೇಳಿ ಮತ್ತೆ ಸಾರ್ಮಿನ್ ಮುಖ ನೋಡೋಕೆ ನನ್ನ ಕೈಲಾಗಲ್ಲ. ನಿಮ್ಮ ಹತ್ತಿರ ಹೇಳಿದ್ದೇ ಹೆಚ್ಚು. ಜಡ್ಜು ಕೇಳಿದ್ರೆ ನಿಮಗೆ ಏನೂ ಹೇಳಿಲ್ಲ ಅಂತೀನಿ. ಈಗಲೇ ಹೇಳ್ತಿದ್ದೀನಿ ನೋಡಿ, ಹೇಳೇ ಇಲ್ಲ ಅಂತೀನಿ!

ಉಟ್ಟ ಬಟ್ಟೆ ಒದ್ದೆಯಾಯ್ತು ನಿಮ್ಮದು. ಮೊಣಕಾಲಿಗೆ ಬಂತು ನೀರು. ಹೋಗಿ ಬು... ಹಾಗೆ ನಿಲ್ಲಬೇಡಿ. ನಾನು ಬರಲ್ಲ. ಕೇಳಿಸ್ತಾ? ಬರಲ್ಲ ನಾನು.