ಟೆಲಿಫೋನ್ ಅಮ್ಮನ ಕೆಂಪು ಕಾರು

ಇದು ನಮ್ಮಕ್ಕನಿಗೆ ಆದದ್ದು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಮಹಡಿ ಮನೆಯಲ್ಲಿ ಅವಳು, ಕೆಳಗೆ ನಾನು. ಹಾಗಾಗಿ ಯಾರೋ ಹೇಳಿದರು, ಎಲ್ಲೋ ಕೇಳಿದೆ ಅನ್ನೋ ಮಾತಲ್ಲ.

ಅಕ್ಕ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ಇಪ್ಪತ್ತೊಂದು ವರ್ಷದಿಂದ ಎರಡನೇ ಪಾಳಿ. ರಾತ್ರಿಯ ನರ್ಸಿಗೆ ವಾರ್ಡು ಒಪ್ಪಿಸಿ, ಬಟ್ಟೆ ಬದಲಿಸಿ ಗೇಟು ದಾಟೋ ಹೊತ್ತಿಗೆ ಹನ್ನೊಂದೂವರೆ. ಕಡೇ ಬಸ್ಸು ಹನ್ನೊಂದು ಇಪ್ಪತ್ತಕ್ಕೇ ಹೋಗಿರುತ್ತೆ. ಆಮೇಲೆ ಮುಕ್ಕಾಲು ಗಂಟೆ ನಡಿಗೆ.

ದಾರಿಯಲ್ಲಿ, ಮುಚ್ಚಿದ ಗೋದಾಮುಗಳ ಹಿಂದೆ, ಒಂದು ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಗಾಳಿ ಬಂದರೆ ಅದು ಕಿರ್ರ್... ಕಿರ್ರ್... ಅನ್ನುತ್ತೆ. ಅಕ್ಕನಿಗೆ ಅದರ ಭಯ ಯಾವತ್ತೂ ಇರಲಿಲ್ಲ. ಹೆದರೋದಕ್ಕೂ ಒಂದಿಷ್ಟು ತ್ರಾಣ ಬೇಕು ನೋಡಿ.

ಒಂದು ರಾತ್ರಿ ಆ ಬಾವಿ ಹತ್ತಿರ ಕಾಲು ಮುಂದಕ್ಕೆ ಬರಲೇ ಇಲ್ಲ. ಕಟ್ಟೆ ಮೇಲೆ ಕೂತಳು. ಚಪ್ಪಲಿ ಬಿಚ್ಚಿದಳು. ಹಿಮ್ಮಡಿ ಊದಿತ್ತು. ತಮ್ಮಂದಿರ ಓದು ಮುಗಿದಿತ್ತು, ಅವರ ಮದುವೆಗಳೂ ಮುಗಿದಿದ್ದವು, ಅಪ್ಪನ ಕಾಯಿಲೆ ಅಪ್ಪನ ಜೊತೆಗೇ ಹೋಗಿತ್ತು. ನಡಿಗೆ ಮಾತ್ರ ಮುಗಿದಿರಲಿಲ್ಲ.

ಮಾರನೇ ದಿನ ನನ್ನ ಬಾಗಿಲಿಗೆ ಬಂದಳು. "ಒಂದು ಕಾರು ತಗೋತೀನಿ ಕಣೋ."

ನಾನು ಯಾವುದೋ ಸಣ್ಣ ಕಾರು ಅಂದುಕೊಂಡೆ. ಅವಳು ನೋಡಿಟ್ಟಿದ್ದು ಎಂಬತ್ತರ ದಶಕದ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಬಣ್ಣ ಒಂದು ಕಾಲಕ್ಕೆ ಕಡುಗೆಂಪು, ಈಗ ಹಳೇ ಇಟ್ಟಿಗೆ ಥರ. ಅದರ ವಿಶೇಷ ಅಂದರೆ ಮುಂದಿನ ದೀಪ. ಹಗಲು ಹೊತ್ತು ಬಾನೆಟ್ಟಿನೊಳಗೆ ಮಡಚಿಕೊಂಡಿರುತ್ತೆ. ಸ್ವಿಚ್ ಹಾಕಿದರೆ, ಮಲಗಿದವರು ರೆಪ್ಪೆ ಎತ್ತಿದ ಹಾಗೆ ಮೇಲೇಳುತ್ತೆ. ಝಿಯ್ಯ್... ಟಕ್.

ಸ್ಕೂಲಿನಲ್ಲಿ ಅಂಥದ್ದೇ ಕಾರಿನ ಚಿತ್ರ ಕತ್ತರಿಸಿ ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡಿದ್ದಳಂತೆ. ನನಗೆ ಗೊತ್ತೇ ಇರಲಿಲ್ಲ.

"ಎರಡೇ ಸೀಟು. ದೊಡ್ಡಮ್ಮನ್ನ ಡಿಕ್ಕೀಲಿ ಕೂರಿಸ್ತೀಯಾ?" ಅಂದೆ.

"ನಿನ್ನ ಕೂರಿಸ್ತೀನಿ," ಅಂದಳು.

ಕಾರು ಟೆಲಿಫೋನ್ ಅಮ್ಮನದು. ವಯಸ್ಸು ಎಪ್ಪತ್ತೆಂಟು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುತ್ತಿದ್ದರು, ಹಾಗಾಗಿ ಬೀದಿಯವರಿಗೆಲ್ಲ ಅದೇ ಹೆಸರು. ಗಂಡ ಸರ್ವೇಯರ್, ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಕೇಳಿದ ಬೆಲೆ ಹೊಸ ಸ್ಕೂಟರಿಗಿಂತ ಚೂರು ಜಾಸ್ತಿ, ಅಷ್ಟೇ.

ನಮ್ಮ ಮೆಕ್ಯಾನಿಕ್ಕನ್ನ ಕರೆದುಕೊಂಡು ಹೋದೆವು. ಅವನು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದ. ಅರ್ಧ ಗಂಟೆ ಕೆಳಗಿಂದ ಬರೀ ಟಣ್ ಟಣ್ ಸದ್ದು. ಆಮೇಲೆ ಮುಖ ಹೊರಗೆ ಹಾಕಿದ.

"ಬಾಗಿಲ ಕೆಳಗೆ ತುಕ್ಕು ಇದೆ. ತಳ ಗಟ್ಟಿ. ಎಂಜಿನ್ ಇನ್ನೂ ಸ್ವಲ್ಪ ವರ್ಷ ಬಾಳುತ್ತೆ. ಸ್ಪೇರ್ ಸಿಗೋದು ಕಷ್ಟ, ಸಿಸ್ಟರ್. ಆಸೆ ಇದ್ರೆ ತಗೊಳ್ಳಿ. ಲಾಭ ನಷ್ಟ ನೋಡೋದಾದ್ರೆ ಬೇಡ."

"ಆಸೆ ಇದೆ," ಅಂದಳು ಅಕ್ಕ.

ಕೀ ಕೊಡುವಾಗ ಟೆಲಿಫೋನ್ ಅಮ್ಮ ಅವಳ ಮುಖವನ್ನೇ ನೋಡಿದರು. "ಎಷ್ಟು ಹೊತ್ತಿಗಮ್ಮ ನಿನ್ನ ಡ್ಯೂಟಿ ಮುಗಿಯೋದು?"

"ಹನ್ನೊಂದೂವರೆ ಆಗುತ್ತೆ."

"ನಂದೂ ಅಷ್ಟೇ ಇತ್ತು. ಅವರು ಬಂದು ರಸ್ತೆ ತಿರುವಿನಲ್ಲಿ ನಿಲ್ಲೋರು. ಹಾರ್ನ್ ಹೊಡೀತಿರಲಿಲ್ಲ, ಜನ ಮಲಗಿರ್ತಾರೆ ಅಂತ. ದೀಪಾನ ಎರಡು ಸಲ ಎತ್ತಿ ಇಳಿಸೋರು. ನಾನು ಹೋಗಿ ಪಕ್ಕದಲ್ಲಿ ಕೂರೋದು. ಮಾತಿಲ್ಲ ಕತೆಯಿಲ್ಲ. ಇಬ್ಬರಿಗೂ ಸುಸ್ತು."

ಹದಿನೇಳು ದಿನ ಅಕ್ಕ ಆ ಕಾರು ಓಡಿಸಿದಳು. ಹಿಮ್ಮಡಿಯ ಊತ ಇಳಿಯಿತು. ರಾತ್ರಿ ಗೇಟಿನ ಸದ್ದಾದರೆ ಆಮೇಲೆ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಚುರುಕಾಗಿ ಕೇಳೋದು. ಒಂದು ದಿನ ಏನೋ ಗುನುಗಿಕೊಂಡೇ ಹತ್ತಿದಳು.

ಹದಿನೆಂಟನೇ ರಾತ್ರಿ, ಎರಡೂವರೆ ಹೊತ್ತಿಗೆ, ನನಗೆ ಎಚ್ಚರವಾಯಿತು.

ಝಿಯ್ಯ್... ಟಕ್.

ಅಂಗಳದಲ್ಲಿ ಕಾರು ನಿಲ್ಲಿಸೋ ಶೆಡ್ಡಿನ ಬಾಗಿಲ ಸಂದಿಯಿಂದ ಬೆಳಕು ಬಂದು ನನ್ನ ಗೋಡೆ ಮೇಲೆ ಬಿತ್ತು. ಆರಿತು. ಮತ್ತೆ ಬಿತ್ತು. ಹೊರಗೆ ಹೋದರೆ ಅಕ್ಕ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಕೀ ಅವಳ ಕೈಯಲ್ಲೇ ಇತ್ತು.

"ವೈರು ಒದ್ದೆಯಾಗಿರಬೇಕು," ಅಂದಳು. "ಹೋಗಿ ಮಲಗು."

ಮೆಕ್ಯಾನಿಕ್ಕೂ ಅದನ್ನೇ ಅಂದ. ಬ್ಯಾಟರಿಯೂ ಹಳೇದು, ಅಂಗಡಿಗೆ ಒಯ್ದು ಚಾರ್ಜ್‌ಗೆ ಹಾಕಿ ನೋಡ್ತೀನಿ ಅಂತ ಸಂಜೆ ಬಂದು ಬಿಚ್ಚಿಕೊಂಡು ಹೋದ. ಶೆಡ್ಡಿಗೆ ಬೀಗ ಹಾಕಿ ಕೀ ನನ್ನ ಹತ್ತಿರವೇ ಇಟ್ಟುಕೊಂಡೆ.

ಆ ರಾತ್ರಿ ಅಕ್ಕ ಮತ್ತೆ ನಡೆದು ಬಂದಳು.

ವಾರ್ಡಿನಲ್ಲಿ ಅವತ್ತು ಕೂರೋಕೆ ಐದು ನಿಮಿಷ ಸಿಕ್ಕಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ನಡೀತಿದ್ದೆ ಅಂತ ಅವಳೇ ಹೇಳಿದಳು. ಗೋದಾಮು ದಾಟಿದಳು. ಬಾವಿ ಬಂತು. ಗಾಳಿ ಇತ್ತು... ಆದರೆ ಜಾಲರಿ ಸದ್ದು ಮಾಡಲಿಲ್ಲ.

ಝಿಯ್ಯ್... ಟಕ್.

ತಿರುವಿನಲ್ಲಿ ಎರಡು ದೀಪ ಎದ್ದವು. ಮಡಚಿಕೊಂಡವು. ಮತ್ತೆ ಎದ್ದವು.

ಅವಳದೇ ಕಾರು. ಮಾಸಿದ ಕೆಂಪು, ಅದೇ ನಂಬರ್ ಪ್ಲೇಟು. ಎಂಜಿನ್ ಗುರ್ರ್... ಅಂತ ಸಣ್ಣಗೆ ಓಡುತ್ತಿತ್ತು. ಬ್ಯಾಟರಿ ಇಲ್ಲ ಅನ್ನೋದು ಅವಳಿಗೆ ಗೊತ್ತಿತ್ತು. ಓಡಿಹೋಗಬೇಕು ಅನ್ನೋದೂ ಗೊತ್ತಿತ್ತು. ಆದರೆ ಕಾಲು... ಕಾಲು ಕೇಳಬೇಕಲ್ಲ.

ಕ್ಲಕ್. ಪಕ್ಕದ ಸೀಟಿನ ಬಾಗಿಲು ತೆರೆದುಕೊಂಡಿತು.

ಅಕ್ಕ ಹೋಗಿ ಕೂತಳು.

ಸ್ಟಿಯರಿಂಗ್ ಕಡೆ ತಿರುಗಲಿಲ್ಲ. ತೊಡೆ ಮೇಲಿದ್ದ ಚೀಲವನ್ನೇ ನೋಡುತ್ತಾ ಕೂತಳು. ಪಕ್ಕದಿಂದ ಉಸಿರು ಕೇಳುತ್ತಿತ್ತು. ಮೂಗು ಕಟ್ಟಿದವರು ಉಸಿರಾಡಿದ ಹಾಗೆ, ಸುಂಯ್... ಸುಂಯ್... ಗೇರು ಬದಲಾದಾಗಲೆಲ್ಲ ಅದರ ಗುಂಡಿಗೆ ಉಂಗುರ ತಾಗಿದ ಸದ್ದು. ಟಿಕ್.

"ಮನೆಗೆ ಬಿಡ್ತೀರಾ?" ಅಂತ ಪಿಸುಗುಟ್ಟಿದಳು.

ಟಿಕ್. ಗೇರು ಬದಲಾಯಿತು.

ನಮ್ಮ ಬೀದಿಯ ತಿರುವು ಬಂತು. ಕಾರು ತಿರುಗಲಿಲ್ಲ. ಬಾಗಿಲ ಹಿಡಿ ಹಿಡಿದಳು, ಎಳೆಯೋಕೆ ಬೆರಳಿಗೆ ಬಲ ಸಾಲಲಿಲ್ಲ. ಇನ್ನೂ ಎರಡು ಬೀದಿ ಹೋಗಿ, ಕಾರು ಒಂದು ಗೇಟಿನ ಮುಂದೆ ನಿಂತಿತು. ದೀಪ ಮಡಚಿಕೊಂಡವು. ಬಾಗಿಲು ತೆರೆಯಿತು.

ಟೆಲಿಫೋನ್ ಅಮ್ಮನ ಮನೆ.

ಇಳಿದು ಗೇಟು ದಾಟಿದಳು. ಮನೆಯೊಳಗೆ ಕತ್ತಲು. ಮುಂಬಾಗಿಲು ಒಳಗಿಂದ ಹಾಕಿತ್ತು. ಅಕ್ಕ ಉಸಿರು ಬಿಗಿಹಿಡಿದು ಕೇಳಿದಳು.

ಠಣ್... ಬಹಳ ಹೊತ್ತು ಬಿಟ್ಟು ಇನ್ನೊಂದು. ಠಣ್...

ಲೋಟದಿಂದ ನೆಲ ಕುಟ್ಟುವ ಸದ್ದು. ಹಿಂದಕ್ಕೆ ಓಡಿದಳು. ಅಡುಗೆಮನೆ ಕಿಟಕಿಯ ಗಾಜು ಒಡೆದು, ಕೈ ತೂರಿಸಿ, ಹಿತ್ತಿಲ ಬಾಗಿಲ ಚಿಲಕ ತೆಗೆದಳು. ಮೊಣಕೈ ಕುಯ್ದದ್ದು ಆಮೇಲೆ ಗೊತ್ತಾಯಿತು. ಬಚ್ಚಲುಮನೆಯ ನೆಲದ ಮೇಲೆ ಟೆಲಿಫೋನ್ ಅಮ್ಮ. ಸಂಜೆ ಆರಕ್ಕೆ ಬಿದ್ದವರು. ಸೊಂಟದ ಮೂಳೆ ಮುರಿದಿತ್ತು. ತುಟಿ ಒಣಗಿ ಬಿಳಿಚಿತ್ತು.

"ಅಲ್ಲಾಡಬೇಡಿ ಅಮ್ಮ. ನಾನಿದೀನಿ."

ಆಂಬುಲೆನ್ಸಿಗೆ ಫೋನ್ ಮಾಡಿದಳು. ಕಂಬಳಿ ತಂದು ಹೊದಿಸಿದಳು. ಒದ್ದೆ ಬಟ್ಟೆಯಿಂದ ತುಟಿ ಒತ್ತಿದಳು. ನಾಡಿ ಹಿಡಿದು ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಅಮ್ಮ ಕಣ್ಣು ಬಿಟ್ಟರು. "ಅವರೇ ಕರ್ಕೊಂಡು ಬಂದ್ರಾ?"

ಅಕ್ಕ ಕಂಬಳಿಯ ಅಂಚು ಸರಿಮಾಡಿದಳು. "...ಹೂಂ."

"ಏನಾದ್ರೂ ಅಂದ್ರಾ?"

"ಇಲ್ಲಮ್ಮ."

"ಗಾಡಿ ಓಡಿಸುವಾಗ ಮಾತಾಡಲ್ಲ," ಅಂದು ಮತ್ತೆ ಕಣ್ಣು ಮುಚ್ಚಿದರು.

ಆಂಬುಲೆನ್ಸ್ ಬಂದಾಗ ಗೇಟಿನ ಮುಂದೆ ಏನೂ ಇರಲಿಲ್ಲ. ಖಾಲಿ ರಸ್ತೆ.

ಅಮ್ಮ ಬದುಕಿಕೊಂಡರು. ಅಕ್ಕನ ವಾರ್ಡಿನಲ್ಲೇ ಐದು ವಾರ ಇದ್ದರು, ವಾಕರ್ ಹಿಡಿದು ಮನೆಗೆ ಹೋದರು. ಆಮೇಲೆ ಮೂರು ವರ್ಷ, ರಜೆ ಇದ್ದ ದಿನ ಅಕ್ಕ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರೋಳು. ಇಬ್ಬರೂ ಮಾತಾಡುತ್ತಿರಲಿಲ್ಲವಂತೆ. ಕಾರಿನ ದೀಪ ತಾನಾಗಿ ಎದ್ದದ್ದು ಮತ್ತೆ ಯಾರೂ ನೋಡಲಿಲ್ಲ. ಅಕ್ಕ ಅದನ್ನು ಇವತ್ತಿಗೂ ಮಾರಿಲ್ಲ.

ಆದರೆ ಅವತ್ತು ಬೆಳಗಿನ ಜಾವದ್ದು ಒಂದು ಹೇಳಬೇಕು.

ನಾಲ್ಕು ಗಂಟೆಗೆ ಅಕ್ಕ ಆಸ್ಪತ್ರೆಯಿಂದ ಬಂದು ನನ್ನ ಎಬ್ಬಿಸಿದಳು. ನಡೆದದ್ದನ್ನೆಲ್ಲ ಹೇಳಿದಳು. ನಾನು ನಂಬಲಿಲ್ಲ. ಪಾಪ, ದಣಿವಿಗೆ ನಿದ್ದೆಗಣ್ಣಲ್ಲೇ ನಡೆದು ಹೋಗಿದಾಳೆ, ಪುಣ್ಯಕ್ಕೆ ಒಂದು ಜೀವ ಉಳೀತು ಅಂದುಕೊಂಡೆ. ಟಾರ್ಚು ಹಿಡಿದು ಶೆಡ್ಡಿನ ಬೀಗ ತೆಗೆದೆ. ಕಾರು ಇದ್ದಲ್ಲೇ ಇತ್ತು. ಬಾನೆಟ್ ಎತ್ತಿದೆ. ಬ್ಯಾಟರಿಯ ಜಾಗ ಖಾಲಿ, ವೈರಿನ ತುದಿಗೆ ಮೆಕ್ಯಾನಿಕ್ ಸುತ್ತಿದ್ದ ಬಟ್ಟೆ ಹಾಗೇ ಇತ್ತು.

"ನೋಡು," ಅನ್ನೋಕೆ ಅವಳ ಕಡೆ ತಿರುಗಿದೆ. ಟಾರ್ಚಿನ ಬೆಳಕು ಮುಂದಿನ ಗಾಜಿನ ಮೇಲೆ ಹೋಯಿತು.

ಹಿಂದಿನ ಸಂಜೆ ಆ ಗಾಜು ತೊಳೆದು, ಒರೆಸಿ, ಬಾಗಿಲು ಹಾಕಿದ್ದವನು ನಾನು. ಈಗ ಅದರ ಮೇಲೆ ಏಳೆಂಟು ಹುಳ ಅಂಟಿದ್ದವು. ರಾತ್ರಿ ದೀಪಕ್ಕೆ ಬರುತ್ತವಲ್ಲ, ವೇಗವಾಗಿ ಹೋಗೋ ಗಾಡಿಗೆ ಬಡಿದು ಅಪ್ಪಚ್ಚಿಯಾಗುತ್ತವಲ್ಲ, ಅಂಥ ಪತಂಗದ ಹುಳ. ಒಂದರ ರೆಕ್ಕೆ ಇನ್ನೂ ಅದುರುತ್ತಿತ್ತು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಒದ್ದೆ ಬಟ್ಟೆ ತಗೊಂಡು ಅವನ್ನು ಒರೆಸಿದ ಕೈ ಇದೇ.